ಹಜಾರಕ್ಕೆ ಬಣ್ಣಗಳ ಆಯ್ಕೆ: ನೆಲವನ್ನೂ ಸೋಫಾವನ್ನೂ ಬದಲಿಸುವಂತಿಲ್ಲ, ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಜಾರಕ್ಕೆ ಹೊಸದಾಗಿ ಬಣ್ಣ ಹೊಡೆಸಬೇಕೆಂದಿದ್ದೇವೆ. ಕೋಣೆ ಸುಮಾರು 12 ಅಡಿ ಅಗಲ, 20 ಅಡಿ ಉದ್ದವಿದೆ; ಚಾವಣಿಯ ಎತ್ತರ 9 ಅಡಿ. ಇರುವುದು ಒಂದೇ ದೊಡ್ಡ ಕಿಟಕಿ, ಅದೂ ಪಶ್ಚಿಮದ ಕಿರುಗೋಡೆಯಲ್ಲಿ. ಹೀಗಾಗಿ ಹಗಲೆಲ್ಲ ಒಳಗೆ ನೆರಳಿನ ಬೆಳಕಷ್ಟೇ ಇರುತ್ತದೆ, ಸಂಜೆ ಒಂದಷ್ಟು ಹೊತ್ತು ಮಾತ್ರ ನೇರವಾದ ಬಿಸಿಲು ಬರುತ್ತದೆ. ನೆಲಕ್ಕೆ ಇಟ್ಟಿಗೆಗೆಂಪಿಗೆ ಹತ್ತಿರವಾದ ಕಂದು ಬಣ್ಣದ ಟೈಲ್ಸ್ ಹಾಕಿದೆ, ಅದನ್ನು ತೆಗೆಸುವ ಯೋಚನೆಯಿಲ್ಲ. ಸೋಫಾ ಬೂದು ಬಣ್ಣದ್ದು, ಇನ್ನೂ ಹೊಸದು. ಒಂದು ಉದ್ದಗೋಡೆಗೆ ತೇಗದ ಪುಸ್ತಕದ ಕಪಾಟಿದೆ. ಪರದೆ, ದಿಂಬು ಮತ್ತು ನೆಲಹಾಸುಗಳನ್ನು ಬದಲಾಯಿಸಲು ಅಡ್ಡಿಯಿಲ್ಲ.

ಶೇಡ್ ಕಾರ್ಡ್ ನೋಡುತ್ತ ಹೋದಂತೆಲ್ಲ ಗೊಂದಲ ಹೆಚ್ಚಾಗುತ್ತಿದೆ. ನನಗೆ ತಿಳಿಯಾದ ನೀಲಿಬೂದು ಹಿಡಿಸಿದೆ; ನಮ್ಮ ಮನೆಯವರಿಗೆ ಗಾಢವಾದ ಹಸಿರು ಬೇಕು; ಅತ್ತೆಯವರದು ಕೋಣೆ ಬೆಳ್ಳಗಿದ್ದು ಕಣ್ಣಿಗೆ ಚೆನ್ನಾಗಿ ಕಂಡರೆ ಸಾಕೆಂಬ ಮಾತು. ಮೊಬೈಲಿನ ಆ್ಯಪ್ ಒಂದರಲ್ಲಿ ಕೋಣೆಯ ಚಿತ್ರಕ್ಕೆ ಮೂರು ಬಣ್ಣಗಳನ್ನೂ ಹಾಕಿ ನೋಡಿದೆವು. ಮೂರೂ ಚೆನ್ನಾಗಿಯೇ ಕಂಡದ್ದರಿಂದ ಯಾವ ತೀರ್ಮಾನಕ್ಕೂ ಬರಲಾಗಲಿಲ್ಲ.

ಬಣ್ಣಗಳ ಹೊಂದಾಣಿಕೆಯನ್ನು ಯಾವ ಕ್ರಮದಲ್ಲಿ ಯೋಚಿಸಬೇಕು? ಈ ನೆಲಕ್ಕೆ ನೀಲಿಬೂದು ಒಗ್ಗುತ್ತದೆಯೇ? ಮುಖ್ಯ ಬಣ್ಣಕ್ಕೆ ಶೇಕಡಾ 60, ಎರಡನೆಯದಕ್ಕೆ 30, ಒತ್ತು ಕೊಡುವ ಬಣ್ಣಕ್ಕೆ 10 ಪಾಲು ಎಂದು ಎಲ್ಲ ಕಡೆ ಹೇಳುವ ನಿಯಮವನ್ನು ಪಾಲಿಸಲೇಬೇಕೆ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1

ಮೊದಲಿಗೆ ಶೇಡ್ ಕಾರ್ಡನ್ನು ಸ್ವಲ್ಪ ಕಾಲ ಪಕ್ಕಕ್ಕಿಡಿ. ನಿಮ್ಮ ಕೋಣೆಯ ದೊಡ್ಡದೊಂದು ಬಣ್ಣ ಆಗಲೇ ನಿರ್ಧಾರವಾಗಿದೆ, ಅದು ನೆಲದ ಬಣ್ಣ. ನೀವು ಕೊಟ್ಟ ಅಳತೆಯಂತೆ ನೆಲ 240 ಚದರ ಅಡಿ, ಚಾವಣಿಯೂ ಅಷ್ಟೇ, ನಾಲ್ಕು ಗೋಡೆಗಳು ಕಿಟಕಿ ಬಾಗಿಲುಗಳೂ ಸೇರಿ 576 ಚದರ ಅಡಿ. ಅಂದರೆ ಕೋಣೆಯ ಒಟ್ಟು ಮೇಲ್ಮೈಯಲ್ಲಿ ಹತ್ತಿರ ಹತ್ತಿರ ಕಾಲುಭಾಗವನ್ನು ಕೆಂಗಂದು ಆವರಿಸಿಕೊಂಡಿದೆ. ಅದರ ಮೇಲೆ ತೇಗದ ಕಪಾಟು ಬೇರೆ. 60, 30, 10ರ ನಿಯಮವನ್ನು ನೀವು ಪಾಲಿಸಬೇಕೆಂದರೂ ಆ 30ರ ಪಾಲು ನೆಲಕ್ಕೂ ಮರಕ್ಕೂ ಹೋಗಿಬಿಟ್ಟಿದೆ. ಆಯ್ಕೆಗೆ ಉಳಿದಿರುವುದು ಮುಖ್ಯ ಬಣ್ಣ ಮತ್ತು ಚಿಕ್ಕದಾದ ಒತ್ತು ಬಣ್ಣ ಎರಡೇ. ಆ ನಿಯಮವನ್ನು ಹೆಚ್ಚು ನೆಚ್ಚಿಕೊಳ್ಳುವ ಅಗತ್ಯವೂ ಇಲ್ಲವೆಂದು ನನ್ನ ಅಭಿಪ್ರಾಯ. ಒಂದು ಬಣ್ಣ ಮೇಲುಗೈ ಪಡೆಯಲಿ, ಉಳಿದವು ಅದರೊಡನೆ ಸರಿಸಮವಾಗಿ ಪೈಪೋಟಿಗೆ ನಿಲ್ಲದಿರಲಿ ಎಂಬಷ್ಟೇ ಅದರ ಸಾರ; ಯಾರೂ ಅಳತೆಪಟ್ಟಿ ಹಿಡಿದು ಶೇಕಡಾವಾರು ಲೆಕ್ಕ ಹಾಕುವುದಿಲ್ಲ.

ಇನ್ನು ಕ್ರಮದ ವಿಷಯ. ಅಮೆರಿಕದ ಕಲಾಶಿಕ್ಷಕ ಆಲ್ಬರ್ಟ್ ಮನ್ಸೆಲ್ 20ನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಪದ್ಧತಿಯಲ್ಲಿ ಪ್ರತಿಯೊಂದು ಬಣ್ಣದ ಮೂರು ಗುಣಗಳನ್ನು ಬೇರೆ ಬೇರೆಯಾಗಿ ಅಳೆಯಲಾಗುತ್ತದೆ: ಅದು ಹಸಿರೋ ನೀಲಿಯೋ ಎಂಬುದು ಒಂದು, ಎಷ್ಟು ತಿಳಿ ಅಥವಾ ಎಷ್ಟು ಗಾಢ ಎಂಬುದು ಇನ್ನೊಂದು, ಎಷ್ಟು ಪ್ರಖರ ಅಥವಾ ಎಷ್ಟು ಮಾಸಲು ಎಂಬುದು ಮೂರನೆಯದು. ನಿಮ್ಮ ಮನೆಯ ಚರ್ಚೆಯೆಲ್ಲ ಮೊದಲನೆಯ ಗುಣದ ಸುತ್ತ ನಡೆಯುತ್ತಿರುವಂತೆ ಕಾಣುತ್ತದೆ. ಆದರೆ ಕೋಣೆ ವಾಸಕ್ಕೆ ಹಿತವಾಗಿರುತ್ತದೆಯೇ ಇಲ್ಲವೇ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಉಳಿದೆರಡು ಗುಣಗಳು. ಆದ್ದರಿಂದ ಗೋಡೆ ಎಷ್ಟು ತಿಳಿಯಾಗಿರಬೇಕೆಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಎಷ್ಟು ಮಾಸಲಾಗಿರಬೇಕೆಂಬುದನ್ನು, ಕೊನೆಯಲ್ಲಿ ಬಣ್ಣದ ಹೆಸರನ್ನು. ಹೀಗೆ ಮಾಡಿದಾಗ ಕಾರ್ಡಿನ ಮುಕ್ಕಾಲುಪಾಲು ಶೇಡ್‌ಗಳು ತಾವಾಗಿಯೇ ಬಿಟ್ಟುಹೋಗುತ್ತವೆ.

ತಿಳಿ-ಗಾಢಗಳನ್ನು ಅಳೆಯಲು ಬಣ್ಣದ ಕಂಪನಿಗಳು ಎಲ್‌ಆರ್‌ವಿ ಎಂಬ ಸಂಖ್ಯೆಯನ್ನು ಕೊಡುತ್ತವೆ. ಗೋಡೆಯ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ ಎಷ್ಟು ಮರಳಿ ಕೋಣೆಗೆ ಬರುತ್ತದೆ ಎಂಬುದರ ಸೂಚನೆ ಅದು. 0 ಎಂದರೆ ಪೂರ್ತಿ ಕಪ್ಪು, 100 ಎಂದರೆ ಪರಿಪೂರ್ಣ ಬಿಳಿ. ಕಾರ್ಡಿನ ಹಿಂಬದಿಯಲ್ಲಿಯೋ ಕಂಪನಿಯ ಜಾಲತಾಣದಲ್ಲಿಯೋ ಅದು ಸಾಮಾನ್ಯವಾಗಿ ಸಿಗುತ್ತದೆ. ಒಂದೇ ಕಿಟಕಿಯಿರುವ ಉದ್ದನೆಯ ಕೋಣೆಯಲ್ಲಿ ಈ ಸಂಖ್ಯೆಗೆ ವಿಶೇಷ ಮಹತ್ವವಿದೆ, ಏಕೆಂದರೆ ಕಿಟಕಿಯಿಂದ ದೂರವಿರುವ ತುದಿಗೆ ಬೆಳಕು ತಲುಪುವುದು ಬಹುಪಾಲು ಗೋಡೆಯಿಂದ ಗೋಡೆಗೆ ಪುಟಿದೇ. 80 ಎಲ್‌ಆರ್‌ವಿ ಇರುವ ಗೋಡೆಗಳ ನಡುವೆ ಮೂರು ಸಲ ಪುಟಿದ ಬೆಳಕಿನಲ್ಲಿ ಅರ್ಧದಷ್ಟು ಉಳಿದಿರುತ್ತದೆ. ಅದೇ 50 ಇರುವ ಗೋಡೆಗಳಾದರೆ ಮೂರು ಪುಟಿತಕ್ಕೆ ಎಂಟನೆಯ ಒಂದು ಭಾಗ ಮಾತ್ರ ಉಳಿಯುತ್ತದೆ. ಕಾರ್ಡಿನಲ್ಲಿ ಸ್ವಲ್ಪವೇ ಗಾಢವೆಂದು ತೋರುವ ಶೇಡ್ ಕೋಣೆಯ ಒಳತುದಿಯನ್ನು ಅಷ್ಟೊಂದು ಮಂಕಾಗಿಸುವುದಕ್ಕೆ ಕಾರಣ ಇದೇ.

ಚಿಕ್ಕ ಚೌಕದಲ್ಲಿ ಸೌಮ್ಯವಾಗಿ ಕಂಡ ಬಣ್ಣ ನಾಲ್ಕೂ ಗೋಡೆಗಳಿಗೆ ಬಂದಾಗ ಜೋರಾಗುವುದೂ ಇದೇ ಪುಟಿತದಿಂದ. ಹಳದಿ ಗೋಡೆಯಿಂದ ಮರಳಿದ ಬೆಳಕು ಹಳದಿಯಾಗಿಯೇ ಎದುರು ಗೋಡೆಗೆ ಬೀಳುತ್ತದೆ, ಅಲ್ಲಿ ಮತ್ತೊಮ್ಮೆ ಸೋಸಿಹೋಗಿ ಇನ್ನಷ್ಟು ಹಳದಿಯಾಗುತ್ತದೆ. ಹೀಗಾಗಿ ನಿಮಗೆ ಇಷ್ಟವಾದ ಶೇಡ್‌ಗಿಂತ ಒಂದು ಮೆಟ್ಟಿಲು ಮಾಸಲಾದದ್ದನ್ನು ಆರಿಸಿಕೊಳ್ಳುವುದು ಕ್ಷೇಮ.

ನೀಲಿಬೂದಿನ ಬಗ್ಗೆ ಕೇಳಿದ್ದೀರಿ. ಪ್ಯಾರಿಸ್ಸಿನ ಗೋಬ್ಲಾಂ ಚಿತ್ರವಸ್ತ್ರ ಕಾರ್ಖಾನೆಯ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ರಸಾಯನಶಾಸ್ತ್ರಜ್ಞ ಷೆವ್ರೋಲ್, ಅಲ್ಲಿನ ಕಪ್ಪು ನೂಲಿಗೆ ಗಾಢತೆ ಸಾಲದೆಂಬ ದೂರು ಬಂದಾಗ ಪರೀಕ್ಷಿಸಿ, ದೋಷ ಬಣ್ಣದಲ್ಲಿರದೆ ಅದರ ಪಕ್ಕದಲ್ಲಿ ನೇಯ್ದ ಇತರ ಬಣ್ಣಗಳಲ್ಲಿದೆಯೆಂದು ಕಂಡುಕೊಂಡ. ಪಕ್ಕಪಕ್ಕದ ಬಣ್ಣಗಳು ಪರಸ್ಪರ ವ್ಯತ್ಯಾಸವನ್ನು ಹಿಗ್ಗಿಸಿ ತೋರಿಸುತ್ತವೆ ಎಂಬ ಅವನ ನಿಯಮ 1839ರಲ್ಲಿ ಪ್ರಕಟವಾಯಿತು. ನಿಮ್ಮ ನೆಲಕ್ಕೆ ಅದನ್ನು ಅನ್ವಯಿಸಿದರೆ, ಇಟ್ಟಿಗೆಗೆಂಪಿನ ಪಕ್ಕದಲ್ಲಿ ಶುದ್ಧವಾದ ಬೂದು ಸಹ ಕೊಂಚ ನೀಲಿಹಸಿರಾಗಿ ಕಾಣುತ್ತದೆ, ನೀಲಿಬೂದಂತೂ ಕಾರ್ಡಿನಲ್ಲಿ ಕಂಡದ್ದಕ್ಕಿಂತ ಎಷ್ಟೋ ನೀಲಿಯಾಗಿ, ತಣ್ಣಗೆ ಕಾಣುತ್ತದೆ. ಅದರ ಜೊತೆಗೆ ಸಂಜೆಯ ಬಿಸಿಲು ಟೈಲ್ಸ್ ಮೇಲೆ ಬಿದ್ದಾಗ ಗೋಡೆಯ ಕೆಳಭಾಗಕ್ಕೆ ಕೆಂಪು ಛಾಯೆ ಏರಿ, ಮೇಲ್ಭಾಗ ನೀಲಿಯಾಗಿಯೇ ಉಳಿದು, ಒಂದೇ ಗೋಡೆ ಎರಡು ಬಣ್ಣದ್ದೆಂಬಂತೆ ತೋರಬಹುದು. ಕೆಲವರಿಗೆ ಆ ಆಟ ಇಷ್ಟವಾಗುತ್ತದೆ. ಆದರೆ ಹಗಲೆಲ್ಲ ನೆರಳಿನ ಬೆಳಕೇ ಇರುವ ಕೋಣೆಗೆ ನಾನಾದರೆ ನೀಲಿಬೂದನ್ನು ಆರಿಸುವುದಿಲ್ಲ. ಆಕಾಶದಿಂದ ಬರುವ ನೆರಳಿನ ಬೆಳಕಿನಲ್ಲಿಯೇ ನೀಲಿಯ ಅಂಶ ಹೆಚ್ಚಿರುತ್ತದೆ, ಅದರ ಮೇಲೆ ಇನ್ನೊಂದು ನೀಲಿ ಬೇಡ.

ನಿಮ್ಮ ಸೋಫಾದ ಬೂದು ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಒಮ್ಮೆ ನೋಡಿಕೊಳ್ಳಿ. ಅಚ್ಚ ಬಿಳಿಯ ಕಾಗದವನ್ನು ಅದರ ಮೇಲಿಟ್ಟು ಹಗಲು ಬೆಳಕಿನಲ್ಲಿ ನೋಡಿದರೆ ಅದರಲ್ಲಿ ಅಡಗಿರುವ ನೀಲಿಯೋ ಹಸಿರೋ ನೇರಳೆಯೋ ತಿಳಿಯುತ್ತದೆ. ಬೂದುಗಳನ್ನು ಪರಸ್ಪರ ಹೋಲಿಸಿ ನೋಡದೆ ಬೂದೆಲ್ಲ ಒಂದೇ ಎಂದುಕೊಂಡು ಬಣ್ಣ ತರುವವರೇ ಹೆಚ್ಚು.

ಉತ್ತರ 2

ಮೇಲಿನವರು ಆಯ್ಕೆಯ ಬಗ್ಗೆ ವಿವರವಾಗಿ ಬರೆದಿದ್ದಾರೆ. ನಾನು ಬಣ್ಣ ಹಚ್ಚುವ ಕೆಲಸದಲ್ಲಿರುವವನು, ಹಾಗಾಗಿ ನಮೂನೆ ನೋಡುವ ಬಗೆಯ ಕುರಿತು ಕೆಲವು ಮಾತುಗಳನ್ನು ಸೇರಿಸುತ್ತೇನೆ. ಮೊಬೈಲಿನ ಪರದೆಯನ್ನು ನೆಚ್ಚಬೇಡಿ. ಕ್ಯಾಮೆರಾ ತನ್ನಷ್ಟಕ್ಕೆ ತಾನೇ ಬಿಳಿಯ ಸಮತೋಲನವನ್ನು ಹೊಂದಿಸಿಕೊಂಡು ಬಣ್ಣಗಳನ್ನು ಬದಲಿಸುತ್ತದೆ, ಪರದೆ ಸ್ವತಃ ಬೆಳಕು ಸೂಸುತ್ತದೆ. ಗೋಡೆಯಾದರೋ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸಬಲ್ಲದು. ಕೋಣೆಯ ತಿಳಿ-ಗಾಢಗಳ ಹಂಚಿಕೆ ಹೇಗಿದೆಯೆಂದು ತಿಳಿಯಲು ಮಾತ್ರ ಮೊಬೈಲ್ ಉಪಯೋಗಕ್ಕೆ ಬರುತ್ತದೆ: ಒಂದು ಚಿತ್ರ ತೆಗೆದು ಕಪ್ಪು-ಬಿಳುಪಿಗೆ ಬದಲಾಯಿಸಿ ನೋಡಿ. ಸೋಫಾ, ನೆಲ, ಕಪಾಟು ಮೂರೂ ಒಂದೇ ಬೂದಾಗಿ ಬೆರೆತುಹೋದರೆ ಕೋಣೆ ಏಕೆ ಸಪ್ಪೆಯಾಗಿದೆ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

ನಮೂನೆಯ ಡಬ್ಬಿ ತಂದಾಗ ಹಲವರು ಹಳೆಯ ಗೋಡೆಯ ಮೇಲೆಯೇ ಅಂಗೈಯಗಲ ಬಳಿದು ನೋಡುತ್ತಾರೆ. ಇದರಲ್ಲಿ ಎರಡು ತೊಡಕುಗಳಿವೆ. ಸುತ್ತಲಿನ ಹಳೆಯ ಬಣ್ಣ ಹೊಸದರ ರೂಪವನ್ನು ಬದಲಾಯಿಸುತ್ತದೆ, ಮತ್ತು ಬಳಿದ ಅಂಚಿನ ಉಬ್ಬು ಮುಂದೆ ಹೊಸ ಬಣ್ಣದ ಕೆಳಗಿಂದಲೂ ಎದ್ದು ಕಾಣುತ್ತದೆ. ಅದರ ಬದಲು ಎರಡು ಅಡಿ ಚದರದ ದಪ್ಪ ರಟ್ಟಿಗೋ ಹಲಗೆಗೋ ಪ್ರೈಮರ್ ಹಚ್ಚಿ, ಮೇಲೆ ಎರಡು ಕೋಟ್ ಬಣ್ಣ ಬಳಿದು, ಸುತ್ತ ಎರಡು ಬೆರಳಷ್ಟು ಬಿಳಿಯ ಅಂಚು ಬಿಡಿ. ಪೂರ್ತಿ ಒಣಗುವವರೆಗೆ ಅದನ್ನು ನೋಡಿ ಯಾವ ಅಭಿಪ್ರಾಯಕ್ಕೂ ಬರಬೇಡಿ. ಎಮಲ್ಶನ್ ಸಾಮಾನ್ಯವಾಗಿ ಒದ್ದೆಯಿದ್ದಾಗ ತಿಳಿಯಾಗಿದ್ದು ಒಣಗಿದ ಮೇಲೆ ಗಾಢವಾಗುತ್ತದೆ. ಒಣಗಿದ ಹಲಗೆಯನ್ನು ಮೇಜಿನ ಮೇಲೆ ಮಲಗಿಸಿ ನೋಡುವುದು ವ್ಯರ್ಥ, ಏಕೆಂದರೆ ಮಲಗಿದ ಮೇಲ್ಮೈಗೆ ಬೀಳುವ ಬೆಳಕೇ ಬೇರೆ, ನಿಂತ ಗೋಡೆಗೆ ಬೀಳುವ ಬೆಳಕೇ ಬೇರೆ. ಗೋಡೆಗೆ ಒರಗಿಸಿ, ಕಿಟಕಿಯ ಪಕ್ಕದಲ್ಲೊಮ್ಮೆ, ಒಳಮೂಲೆಯಲ್ಲೊಮ್ಮೆ, ಸೋಫಾದ ಹಿಂದೊಮ್ಮೆ ಇಟ್ಟು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮತ್ತು ದೀಪ ಹಾಕಿದ ಮೇಲೆ ನೋಡಿ. ನಿಮ್ಮ ಕೋಣೆಯಲ್ಲಿ ಸಂಜೆಯ ಬಿಸಿಲು ಇರುವುದು ಸ್ವಲ್ಪ ಹೊತ್ತು ಮಾತ್ರ. ಆ ಹೊತ್ತಿನಲ್ಲಿ ಎಲ್ಲ ಬಣ್ಣವೂ ಚಂದವಾಗಿಯೇ ಕಾಣುತ್ತದೆಯಾದ್ದರಿಂದ ಆಗಿನ ರೂಪಕ್ಕೆ ಮರುಳಾಗಿ ಬಣ್ಣ ಆರಿಸಬೇಡಿ.

ಹೊಳಪಿನ ವಿಷಯವನ್ನು ಯಾರೂ ಬಣ್ಣದ ಆಯ್ಕೆಯ ಭಾಗವೆಂದು ಎಣಿಸುವುದಿಲ್ಲ, ಆದರೆ ಒಂದೇ ಶೇಡ್ ಮ್ಯಾಟ್ ಎನ್ನುವ ಹೊಳಪಿಲ್ಲದ ಬಣ್ಣದಲ್ಲಿ ತಿಳಿಯಾಗಿಯೂ ಹೊಳಪಿನ ಬಣ್ಣದಲ್ಲಿ ಗಾಢವಾಗಿಯೂ ಕಾಣುತ್ತದೆ. ಆದ್ದರಿಂದ ಗೋಡೆಗೆ ಯಾವುದನ್ನು ಹಚ್ಚಿಸುತ್ತೀರೋ ಅದರಲ್ಲಿಯೇ ನಮೂನೆಯನ್ನೂ ಮಾಡಿ. ನಿಮ್ಮ ಕೋಣೆಯಲ್ಲಿ ಕಿಟಕಿ ಕಿರುಗೋಡೆಯಲ್ಲಿರುವುದರಿಂದ ಬೆಳಕು ಉದ್ದಗೋಡೆಗಳನ್ನು ಸವರಿಕೊಂಡು ಹೋಗುತ್ತದೆ. ಅಂಥ ಬೆಳಕು ಪುಟ್ಟಿಯ ಏರುತಗ್ಗುಗಳನ್ನೂ ಹಳೆಯ ತೇಪೆಗಳನ್ನೂ ಒಂದೂ ಬಿಡದೆ ತೋರಿಸಿಕೊಡುತ್ತದೆ. ಅಲ್ಲಿ ಹೊಳಪು ಬೇಡವೇ ಬೇಡ. ತೊಳೆಯಬಹುದಾದ ಮ್ಯಾಟ್ ಎಮಲ್ಶನ್ ಸಾಕು, ಸ್ವಲ್ಪ ಹೊಳಪು ಬೇಕೆಂದರೆ ಬಾಗಿಲುಗಳಿಗೆ ಸ್ಯಾಟಿನ್ ಮಾಡಿಸಿ.

ಉತ್ತರ 3

ದೀಪಗಳ ವಿಚಾರವನ್ನು ಯಾರೂ ಪ್ರಸ್ತಾಪಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಹಜಾರವನ್ನು ಮನೆಮಂದಿಯೆಲ್ಲ ಹೆಚ್ಚು ಬಳಸುವುದು ರಾತ್ರಿ ದೀಪದ ಬೆಳಕಿನಲ್ಲಿ. ಬಲ್ಬಿನ ಪೆಟ್ಟಿಗೆಯ ಮೇಲೆ 2700 ಕೆಲ್ವಿನ್ ಎಂದಿದ್ದರೆ ಬೆಳಕು ಹಳೆಯ ತಂತಿಬಲ್ಬಿನಂತೆ ಹಳದಿ ಛಾಯೆಯದ್ದು, 4000 ಎಂದರೆ ನಡುವಿನದು, 6500 ಎಂದರೆ ನೀಲಿ ಬೆರೆತ ಬಿಳಿ. ಹಸಿರುಬೂದು ಶೇಡ್ 6500ರ ಕೆಳಗೆ ತಣ್ಣಗಿನ ಬೂದಾಗಿ ಕಂಡು, 2700ರ ಕೆಳಗೆ ಕಂದುಹಸಿರಿಗೆ ತಿರುಗಬಹುದು. ಒಂದೇ ಕೋಣೆಯಲ್ಲಿ ಎರಡು ಬಗೆಯ ಬಲ್ಬುಗಳನ್ನು ಬೆರೆಸಿದರೆ ಒಂದೇ ಗೋಡೆಯ ಎರಡು ತುದಿಗಳು ಬೇರೆ ಬೇರೆ ಬಣ್ಣದವಾಗುತ್ತವೆ.

ಕೆಲ್ವಿನ್ ಜೊತೆಗೆ ಸಿಆರ್‌ಐ ಎಂಬ ಸಂಖ್ಯೆಯನ್ನೂ ನೋಡಿ. ಬಣ್ಣಗಳನ್ನು ಎಷ್ಟು ಯಥಾವತ್ತಾಗಿ ತೋರಿಸುತ್ತದೆ ಎಂಬುದರ ಅಳತೆ ಅದು, ಗರಿಷ್ಠ 100. ಸಾಮಾನ್ಯ ಎಲ್‌ಇಡಿಗಳು 80ರ ಆಸುಪಾಸಿನಲ್ಲಿರುತ್ತವೆ, ಮತ್ತು ಅವುಗಳಲ್ಲಿ ಹಲವು ಗಾಢ ಕೆಂಪನ್ನು ಸರಿಯಾಗಿ ತೋರಿಸುವುದಿಲ್ಲ. ನಿಮ್ಮ ನೆಲವೂ ತೇಗವೂ ಕೆಂಪಿನ ಕಡೆಯವು. ಅಗ್ಗದ ಬಲ್ಬಿನಡಿ ಅವು ಕಳೆಗುಂದಿ, ದೋಷವೆಲ್ಲ ಗೋಡೆಯ ಬಣ್ಣದ ಮೇಲೆ ಬರುತ್ತದೆ. 90 ಅಥವಾ ಅದಕ್ಕಿಂತ ಹೆಚ್ಚಿನ ಸಿಆರ್‌ಐ ಇರುವ ಬಲ್ಬುಗಳನ್ನು ಮೊದಲು ಹಾಕಿ, ಆಮೇಲೆ ನಮೂನೆಯ ಹಲಗೆಗಳನ್ನು ನೋಡಿ.

ಇನ್ನೊಂದು ಎಚ್ಚರಿಕೆ. ಪರದೆಯ ಬಟ್ಟೆ ಮತ್ತು ಗೋಡೆಯ ಬಣ್ಣ ಅಂಗಡಿಯ ಬೆಳಕಿನಲ್ಲಿ ತಾಳೆಯಾದವೆಂದು ಮನೆಯಲ್ಲಿಯೂ ತಾಳೆಯಾಗಬೇಕೆಂದಿಲ್ಲ. ಬೇರೆ ಬೇರೆ ವರ್ಣದ್ರವ್ಯಗಳಿಂದಾದ ಎರಡು ವಸ್ತುಗಳು ಒಂದು ಬೆಳಕಿನಲ್ಲಿ ಒಂದೇ ಬಣ್ಣದವಾಗಿ ಕಂಡು ಇನ್ನೊಂದು ಬೆಳಕಿನಲ್ಲಿ ಬೇರೆಯಾಗಿ ಕಾಣುವುದು ಸಾಮಾನ್ಯ. ಬಟ್ಟೆಯ ತುಂಡನ್ನು ಮನೆಗೆ ತಂದು, ಹಲಗೆಯ ಪಕ್ಕ ಹಿಡಿದು ನೋಡಿಯೇ ಪರದೆ ಹೊಲಿಸಿ.

ಪ್ರಶ್ನೆ ಕೇಳಿದವರು

ಇಷ್ಟೊಂದು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಕಪ್ಪು-ಬಿಳುಪಿನ ಚಿತ್ರ ತೆಗೆದು ನೋಡಿದೆವು. ಸೋಫಾ ಮತ್ತು ನೆಲ ನಿಜಕ್ಕೂ ಒಂದೇ ಬೂದಾಗಿ ಬೆರೆತುಹೋಗಿವೆ. ಬಿಳಿಯ ಕಾಗದದ ಪಕ್ಕದಲ್ಲಿ ಸೋಫಾ ತುಸು ಹಸಿರಿಗೆ ವಾಲಿದಂತೆ ಕಾಣುತ್ತದೆ. ದೀಪಗಳಲ್ಲಿ ಚಾವಣಿಯವು 6500, ಸೋಫಾದ ಪಕ್ಕದ ನಿಲುದೀಪ 2700 ಎಂದಿದೆ, ಅವನ್ನು ಬದಲಾಯಿಸುತ್ತೇವೆ.

ನೀಲಿಬೂದನ್ನು ನಾನು ಕೈಬಿಟ್ಟಿದ್ದೇನೆ. ಈಗ ಉಳಿದಿರುವುದು ಮನೆಯವರ ಗಾಢ ಹಸಿರು. ನಾಲ್ಕೂ ಗೋಡೆಗೆ ಬೇಡವೆಂದರೆ ಒಂದು ಗೋಡೆಗಾದರೂ ಹಚ್ಚಬಹುದೇ, ಹಚ್ಚುವುದಾದರೆ ಯಾವುದಕ್ಕೆ? ಅವರಿಗೆ ಕಿಟಕಿಯಿರುವ ಗೋಡೆಯ ಮೇಲೆ ಮನಸ್ಸಿದೆ. ಪೂರ್ವದ ಕಿರುಗೋಡೆಯಲ್ಲಿ ಅತ್ತೆಯವರ ಕೋಣೆಯ ಬಾಗಿಲಿದೆ ಎಂಬುದನ್ನು ಮೊದಲು ಹೇಳಿರಲಿಲ್ಲ.

ಉತ್ತರ 4

ಇಲ್ಲಿ ಎಲ್ಲರೂ ತಿಳಿ ಬಣ್ಣದ ಪರವಾಗಿರುವಂತೆ ಕಾಣುವುದರಿಂದ ನಿಮ್ಮ ಮನೆಯವರ ಪಕ್ಷವನ್ನೂ ಒಬ್ಬರು ವಹಿಸಬೇಕು. ಬೆಳಕು ಕಡಿಮೆಯಿರುವ ಕೋಣೆಗೆ ಬಿಳಿ ಹಚ್ಚಿದರೆ ಬೆಳಕಾಗುತ್ತದೆಂಬುದು ಅರ್ಧ ಸತ್ಯ ಮಾತ್ರ. ಬಿಳಿಗೆ ಹಿಂದಿರುಗಿಸಲು ಬೆಳಕೇ ಇಲ್ಲದಾಗ ಅದು ಮೂಲೆಗಳಲ್ಲಿ ಕೊಳೆತಂತಹ ಬೂದಾಗಿ ಕಾಣುತ್ತದೆ, ಅದರಲ್ಲಿ ಯಾವ ಸೊಬಗೂ ಇರುವುದಿಲ್ಲ. ಗಾಢವಾದ, ಮಾಸಲು ಹಸಿರು ಅಂಥ ಮಂದ ಬೆಳಕಿನಲ್ಲಿಯೂ ತನ್ನ ಗುಣವನ್ನು ಉಳಿಸಿಕೊಳ್ಳುತ್ತದೆ. ತೇಗ ಮತ್ತು ಇಟ್ಟಿಗೆಗೆಂಪುಗಳು ಅದರ ಎದುರಿನಲ್ಲಿ ಹೊಳೆಯುತ್ತವೆ, ಏಕೆಂದರೆ ಹಸಿರೂ ಕೆಂಪೂ ಬಣ್ಣಗಳ ಚಕ್ರದಲ್ಲಿ ಎದುರುಬದುರು ಇರುವಂಥವು. ಕೋಣೆಯನ್ನು ಬಳಸುವುದು ಬಹುತೇಕ ರಾತ್ರಿಯೇ ಆದರೆ, ಮತ್ತು ಒಂದು ದೊಡ್ಡ ದೀಪದ ಬದಲು ಅಲ್ಲಲ್ಲಿ ಚಿಕ್ಕ ದೀಪಗಳನ್ನಿಡುವ ಮನಸ್ಸಿದ್ದರೆ, ನಾಲ್ಕೂ ಗೋಡೆಗೆ ಗಾಢ ಹಸಿರನ್ನು ನಾನು ಧೈರ್ಯವಾಗಿ ಸೂಚಿಸುತ್ತೇನೆ. ಒಂದೇ ಗೋಡೆಗೆ ಬಣ್ಣ ಹಚ್ಚಿ ಉಳಿದ ಮೂರನ್ನು ಬಿಳಿಯಾಗಿ ಬಿಡುವುದು ಹಲವು ಸಲ ಧೈರ್ಯ ಸಾಲದ ಲಕ್ಷಣವೇ ಹೊರತು ಹೊಂದಾಣಿಕೆಯಲ್ಲ.

ಉತ್ತರ 1 ಬರೆದವರು

ಗಾಢ ಬಣ್ಣದ ಪರವಾಗಿ ಹೇಳಿದ್ದರಲ್ಲಿ ಹುರುಳಿದೆ, ಮಂದ ಬೆಳಕಿನ ಬಿಳಿಯ ಬಗ್ಗೆ ಬರೆದದ್ದನ್ನು ನಾನೂ ಒಪ್ಪುತ್ತೇನೆ. ಆದರೆ ಈ ಮನೆಯಲ್ಲಿ ಅತ್ತೆಯವರಿದ್ದಾರೆ, ಮತ್ತು ಕೋಣೆ ಕಣ್ಣಿಗೆ ಚೆನ್ನಾಗಿ ಕಾಣಲಿ ಎಂಬ ಅವರ ಮಾತನ್ನು ಕೇವಲ ರುಚಿಯ ವಿಷಯವೆಂದು ಬದಿಗೊತ್ತಬಾರದು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಪಾಪೆ ಮೊದಲಿನಷ್ಟು ಹಿಗ್ಗುವುದಿಲ್ಲ. ಹೀಗಾಗಿ ಒಳಗೆ ತಲುಪುವ ಬೆಳಕು ಕಡಿಮೆಯಾಗುತ್ತದೆ, ಅದರಲ್ಲಿಯೂ ನೀಲಿಯ ಭಾಗ ಹೆಚ್ಚು ಕಡಿತವಾಗುತ್ತದೆ. ನಾವು ನೀಲಿಬೂದು, ಹಸಿರುಬೂದು ಎಂದು ಚರ್ಚಿಸುವ ಸೂಕ್ಷ್ಮ ಭೇದಗಳು ಅವರಿಗೆ ಕಾಣದಿರಬಹುದು. ಅವರಿಗೆ ನೆರವಾಗುವುದು ತಿಳಿ-ಗಾಢಗಳ ನಡುವಿನ ಅಂತರ. ಸಾರ್ವಜನಿಕ ಕಟ್ಟಡಗಳನ್ನು ದೃಷ್ಟಿ ಮಂದವಾದವರಿಗೂ ಅನುಕೂಲವಾಗುವಂತೆ ರೂಪಿಸುವ ಬ್ರಿಟನ್ನಿನ ಮಾರ್ಗಸೂಚಿಗಳು, ಬಾಗಿಲು ಮತ್ತು ಗೋಡೆಯಂಥ ಮುಖ್ಯ ಮೇಲ್ಮೈಗಳ ಎಲ್‌ಆರ್‌ವಿಗಳ ನಡುವೆ 30 ಅಂಶಗಳ ಅಂತರವಿರಬೇಕೆನ್ನುತ್ತವೆ. ಮನೆಗೂ ಅದು ಒಳ್ಳೆಯ ಅಳತೆ. ಸೋಫಾ ಮತ್ತು ನೆಲ ಕಪ್ಪು-ಬಿಳುಪಿನಲ್ಲಿ ಬೆರೆತುಹೋಗಿವೆಯೆಂದು ಬರೆದಿದ್ದೀರಿ. ಮಂದ ದೃಷ್ಟಿಯವರಿಗೆ ಸೋಫಾದ ಅಂಚು ಎಲ್ಲಿ ಮುಗಿಯುತ್ತದೆಂಬುದು ತಿಳಿಯದಂತೆ ಮಾಡುವ ಸ್ಥಿತಿ ಅದು. ಸೋಫಾದ ಕೆಳಗೂ ಮುಂದಕ್ಕೂ ಬರುವಂತೆ ತಿಳಿ ಬಣ್ಣದ ನೆಲಹಾಸನ್ನು ಹಾಸಿದರೆ ತೊಂದರೆ ಪರಿಹಾರವಾಗುತ್ತದೆ. ಅದರ ಅಂಚು ಮಾತ್ರ ಕಾಲಿಗೆ ತೊಡರದಂತೆ ನೆಲಕ್ಕೆ ಅಂಟಿಕೊಂಡಿರಬೇಕು.

ಇನ್ನು ಹಸಿರು ಗೋಡೆ. ಕಿಟಕಿಯ ಗೋಡೆ ಬೇಡ. ಬೆಳಕು ಒಳಗೆ ಬರುವ ಗೋಡೆಯ ಮೇಲೆ ಹಗಲಿನಲ್ಲಿ ಬೀಳುವ ಬೆಳಕೇ ಅತಿ ಕಡಿಮೆ, ಅದಕ್ಕೆ ಗಾಢ ಬಣ್ಣ ಹಚ್ಚಿದರೆ ಹೊಳೆಯುವ ಕಿಟಕಿಗೂ ಅದರ ಸುತ್ತಲಿನ ಕತ್ತಲೆಗೂ ನಡುವಿನ ಅಂತರ ಹೆಚ್ಚಿ ಕಣ್ಣು ಕುಕ್ಕುತ್ತದೆ. ಕಪಾಟಿನ ಗೋಡೆಯೂ ಬೇಡ, ಅಲ್ಲಿ ಮರ ಮತ್ತು ಪುಸ್ತಕಗಳೇ ಸಾಕಷ್ಟಿವೆ. ಪೂರ್ವದ ಕಿರುಗೋಡೆ ಎಲ್ಲ ರೀತಿಯಿಂದಲೂ ಸರಿಯಾಗುತ್ತದೆ: ಕಿಟಕಿಯ ಬೆಳಕು ಎದುರಿನಿಂದ ನೇರವಾಗಿ ಬೀಳುವ ಗೋಡೆ ಅದು, ಸಂಜೆಯ ಬಿಸಿಲಿನಲ್ಲಿ ಹಸಿರು ಅರಳುತ್ತದೆ, ಮತ್ತು ಗಾಢವಾದ ತುದಿಗೋಡೆ ತುಸು ಹತ್ತಿರ ಬಂದಂತೆ ತೋರುವುದರಿಂದ ಉದ್ದವಾದ ಓಣಿಯಂತಿರುವ ಕೋಣೆಯ ಆಕಾರ ಸರಿಹೋದಂತಾಗುತ್ತದೆ. ಆ ಗೋಡೆಯ ವಿಸ್ತೀರ್ಣ 108 ಚದರ ಅಡಿ, ಕೋಣೆಯ ಒಟ್ಟು ಮೇಲ್ಮೈಯ ಹತ್ತರಲ್ಲೊಂದು ಪಾಲು. ನೀವು ಕೇಳಿದ ನಿಯಮದ 10 ತಾನಾಗಿಯೇ ಒದಗಿಬಂತು. ಅತ್ತೆಯವರ ಕೋಣೆಯ ಬಾಗಿಲಿಗೆ ಹಾಗೂ ಚೌಕಟ್ಟಿಗೆ ಉದ್ದಗೋಡೆಗಳ ತಿಳಿ ಬಣ್ಣವನ್ನೇ ಹಚ್ಚಿಸಿದರೆ ಹಸಿರಿನ ನಡುವೆ ಬಾಗಿಲು ದೂರದಿಂದಲೇ ಸ್ಪಷ್ಟವಾಗಿ ಕಾಣುತ್ತದೆ. ಸ್ವಿಚ್ಚುಗಳ ಫಲಕ ಆ ಗೋಡೆಯಲ್ಲಿದ್ದರೆ ಅದೂ ಬಿಳಿಯಾಗಿರಲಿ.

ಉಳಿದ ಮೂರು ಗೋಡೆಗಳಿಗೆ ಅಚ್ಚ ಬಿಳಿ ಬೇಡ. ಕೆಂಗಂದು ನೆಲದ ಪಕ್ಕದಲ್ಲಿ ಅದು ನೀಲಿಗೆ ತಿರುಗಿದಂತೆ ಕಾಣುತ್ತದೆ, ಹಸಿರು ಗೋಡೆಯೊಡನೆ ಅದರ ಅಂತರವೂ ತೀರ ಬಿರುಸಾಗುತ್ತದೆ. ಎಲ್‌ಆರ್‌ವಿ 70ರಿಂದ 75ರೊಳಗಿನ, ಹಳದಿಯ ಕಡೆಗೆ ವಾಲಿದರೂ ಒಂದಿಷ್ಟು ಬೂದು ಬೆರೆತ ಕೆನೆಬಣ್ಣವನ್ನು ಹುಡುಕಿ. ಬೂದು ಬೆರೆಯದ ಕೆನೆಬಣ್ಣ ತೇಗದ ಪಕ್ಕದಲ್ಲಿ ಬರೀ ಹಳದಿಯಾಗಿಬಿಡುತ್ತದೆ. ಚಾವಣಿಗೆ ಇದೇ ಬಣ್ಣದ ಇನ್ನೂ ತಿಳಿಯಾದ ರೂಪ ಇರಲಿ. 9 ಅಡಿಯ ಎತ್ತರದಲ್ಲಿ ಗೋಡೆ ಮತ್ತು ಚಾವಣಿಗಳು ಕೂಡುವಲ್ಲಿ ಗೆರೆ ಎಳೆದಂತೆ ಕಾಣದಿದ್ದರೆ ಚಾವಣಿ ಮೇಲಕ್ಕೆ ಸರಿದಂತಿರುತ್ತದೆ. ಹಸಿರಿನಲ್ಲಿ ಎಲ್‌ಆರ್‌ವಿ 15ರ ಆಸುಪಾಸಿನ, ಪ್ರಖರವಲ್ಲದ, ಬೂದು ಬೆರೆತದ್ದನ್ನು ಆರಿಸಿ. ಕೆಂಪು ಮತ್ತು ಹಸಿರು ಎದುರುಬದುರಿನ ಬಣ್ಣಗಳೆಂದು ಮೇಲಿನವರು ಬರೆದದ್ದು ನಿಜ, ಆದರೆ ಎರಡೂ ಪ್ರಖರವಾಗಿದ್ದು ಒಂದೇ ಮಟ್ಟದ ಗಾಢತೆಯಲ್ಲಿದ್ದರೆ ಅವು ಕೂಡುವ ಅಂಚು ಅದುರಿದಂತೆ ಕಂಡು ಕಣ್ಣಿಗೆ ಆಯಾಸವಾಗುತ್ತದೆ. ಅದಕ್ಕಾಗಿಯೇ ಆ ಗೋಡೆಯ ಬುಡದ ಸ್ಕರ್ಟಿಂಗನ್ನು ಹಸಿರಾಗಿಸದೆ ಕೆನೆಬಣ್ಣದಲ್ಲಿ ಉಳಿಸಿಕೊಳ್ಳಿ, ಹಸಿರಿಗೂ ನೆಲಕ್ಕೂ ನಡುವೆ ಒಂದು ತಿಳಿ ಪಟ್ಟಿ ಸಿಕ್ಕಂತಾಗುತ್ತದೆ.

ಸೋಫಾದ ಬೂದು ಹಸಿರಿಗೆ ವಾಲುತ್ತದೆಯೆಂದರೆ ಅದೊಂದು ಅನುಕೂಲ. ಕೆಲವು ದಿಂಬುಗಳು ನೆಲದ ಇಟ್ಟಿಗೆಗೆಂಪಿನಲ್ಲಿ, ಒಂದೆರಡು ಗೋಡೆಯ ಹಸಿರಿನಲ್ಲಿ ಇರಲಿ. ಪರದೆಗೆ ಹೊಸದೊಂದು ಬಣ್ಣವನ್ನು ತರದೆ, ಗೋಡೆಯ ಕೆನೆಬಣ್ಣಕ್ಕೆ ಹತ್ತಿರವಾದ ಒರಟು ನೇಯ್ಗೆಯ ಬಟ್ಟೆಯನ್ನು ತನ್ನಿ. ಬಣ್ಣಗಳು ಕಡಿಮೆಯಾದಾಗ ನೇಯ್ಗೆಯ ವೈವಿಧ್ಯವೇ ಕೋಣೆಯನ್ನು ಸಪ್ಪೆಯಾಗದಂತೆ ಕಾಯುತ್ತದೆ.

ಉತ್ತರ 2 ಬರೆದವರು

ಗಾಢ ಹಸಿರಿನ ಬಗ್ಗೆ ಕೆಲಸದ ದೃಷ್ಟಿಯಿಂದ ಇನ್ನಷ್ಟು. ತಿಳಿ ಶೇಡ್‌ಗಳಿಗೆ ಮೈ ಕೊಡುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿಯ ವರ್ಣದ್ರವ್ಯ. ಕೆಳಗಿನ ಬಣ್ಣವನ್ನು ಮುಚ್ಚುವ ಶಕ್ತಿ ಬರುವುದೂ ಅದರಿಂದಲೇ. ಗಾಢ ಶೇಡ್‌ಗಳನ್ನು ಆ ಬಿಳಿ ಬಹಳ ಕಡಿಮೆಯಿರುವ ಬೇಸ್‌ನಲ್ಲಿ ಕಲಸುತ್ತಾರೆ, ಆದ್ದರಿಂದ ಎರಡು ಕೋಟ್ ಹಚ್ಚಿದ ಮೇಲೂ ಹಳೆಯ ಗೋಡೆ ತೇಲಿದಂತೆ ಕಾಣಬಹುದು. ಬಿಳಿಯ ಪ್ರೈಮರ್ ಬದಲು ಬೂದು ಛಾಯೆ ಬೆರೆಸಿದ ಪ್ರೈಮರ್ ಹಾಕಿಸಿದರೆ ಹಸಿರು ಬೇಗ ಸಮನಾಗಿ ಕೂರುತ್ತದೆ. ಪೇಂಟರ್‌ಗೆ ಮೂರನೆಯ ಕೋಟ್ ಬೇಕಾಗಬಹುದೆಂದು ಮೊದಲೇ ಹೇಳಿಡಿ, ಆಮೇಲೆ ಹೇಳಿದರೆ ಅದು ಜಗಳಕ್ಕೆ ದಾರಿ.

ಮ್ಯಾಟ್ ಹಚ್ಚಿದ ಗಾಢ ಗೋಡೆಯಲ್ಲಿ ಕೈ ತಗುಲಿದ ಕಡೆ ಉಜ್ಜಿದ ಹೊಳಪಿನ ಗುರುತು ಮೂಡುತ್ತದೆ. ಬಾಗಿಲಿರುವ ಗೋಡೆಯಾದ್ದರಿಂದ ಓಡಾಡುವವರ ಕೈ ತಗುಲದೆ ಇರದು. ಅದೊಂದಕ್ಕೆ ಮಾತ್ರ ಮ್ಯಾಟ್‌ಗಿಂತ ತುಸುವೇ ಹೊಳಪಿನ, ಉಜ್ಜಿ ತೊಳೆದರೂ ತಡೆಯುವಂಥದ್ದನ್ನು ಆರಿಸಿ. ಪೂರ್ತಿ ಹೊಳಪಿನದಾದರೆ ಎದುರಿನ ಕಿಟಕಿ ಅದರಲ್ಲಿ ಪ್ರತಿಬಿಂಬಿಸಿ ಬಣ್ಣವೇ ಕಾಣದಂತಾಗುತ್ತದೆ. ಒಂದು ಗೋಡೆಗೆ ಬೇಕಾದ ಹಸಿರನ್ನೆಲ್ಲ ಒಂದೇ ಸಲಕ್ಕೆ ಕಲಸಿಸಿ ತನ್ನಿ. ಎರಡು ಡಬ್ಬಿಗಳಾದರೆ ದೊಡ್ಡ ಬಕೆಟ್ಟಿನಲ್ಲಿ ಎರಡನ್ನೂ ಬೆರೆಸಿಕೊಂಡೇ ಹಚ್ಚಲು ಹೇಳಿ, ಇಲ್ಲವಾದರೆ ಗೋಡೆಯ ನಡುವೆ ಡಬ್ಬಿ ಬದಲಾದ ಜಾಗ ಪತ್ತೆಯಾಗುತ್ತದೆ. ಶೇಡ್‌ನ ಸಂಖ್ಯೆ, ಬೇಸ್‌ನ ಹೆಸರು, ಹೊಳಪಿನ ಬಗೆ ಮೂರನ್ನೂ ಡಬ್ಬಿಯ ಚೀಟಿಯ ಸಮೇತ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಉಳಿದ ಬಣ್ಣವನ್ನು ಚಿಕ್ಕ ಡಬ್ಬಿಗೆ ಕಂಠಮಟ್ಟ ತುಂಬಿ ಮುಚ್ಚಿಟ್ಟರೆ ಮುಂದೆ ಗೋಡೆಗೆ ಗೀರು ಬಿದ್ದಾಗ ಉಪಯೋಗಕ್ಕೆ ಬರುತ್ತದೆ. ಮೊದಲು ಚಾವಣಿ, ಆಮೇಲೆ ಕೆನೆಬಣ್ಣದ ಗೋಡೆಗಳು, ಅವು ಚೆನ್ನಾಗಿ ಒಣಗಿದ ಮೇಲೆ ಅಂಚಿಗೆ ಟೇಪ್ ಅಂಟಿಸಿ ಹಸಿರು. ಟೇಪನ್ನು ಕೊನೆಯ ಕೋಟ್ ಪೂರ್ತಿ ಒಣಗುವ ಮೊದಲೇ ಎಳೆದುಬಿಟ್ಟರೆ ಅಂಚು ಹರಿಯದೆ ನೇರವಾಗಿ ಬರುತ್ತದೆ.